ಕಾರಣವೆಂಬ ಕಾಲಂ: 1893ರ ಗಾಂಜಾ ಆಯೋಗದಿಂದ ಒಂದು ಪಾಠ

ಸರ್ಕಾರಿ ನಮೂನೆಗಳೊಡನೆ ಬದುಕು ಸವೆಸುವ ನಮ್ಮಂಥವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಖಾಲಿ ಬಿಟ್ಟ ಕಾಲಂ ಮೇಲಧಿಕಾರಿಯ ಕಣ್ಣಿಗೆ ಮೊದಲು ಬೀಳುತ್ತದೆ. ಆದ್ದರಿಂದ ಅಲ್ಲಿ ಏನಾದರೊಂದನ್ನು ಬರೆಯುತ್ತೇವೆ. ಬರೆದದ್ದು ಅಂಕಿಅಂಶವಾಗುತ್ತದೆ, ಅಂಕಿಅಂಶ ನೀತಿಗೆ ಆಧಾರವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಹುಚ್ಚಾಸ್ಪತ್ರೆಗಳ ದಾಖಲೆಗಳಲ್ಲಿ ನಡೆದದ್ದೂ ಇದೇ.

1893ರ ಮಾರ್ಚಿನಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆಯಲ್ಲಿ, ಮದ್ಯಪಾನ ವಿರೋಧಿ ಸದಸ್ಯ ವಿಲಿಯಂ ಕೇನ್ ಬಂಗಾಳದ ಗಾಂಜಾ ಬೆಳೆ ಹಾಗೂ ಮಾರಾಟದ ಬಗ್ಗೆ ಪ್ರಶ್ನೆ ಎತ್ತಿದರು. ಗಾಂಜಾ ಸೇದುವವರಿಂದಲೇ ಹುಚ್ಚಾಸ್ಪತ್ರೆಗಳು ತುಂಬುತ್ತಿವೆ ಎಂಬ ಮಾತು ಆಗ ಬಲವಾಗಿತ್ತು. ಅದರ ಫಲವಾಗಿ ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ಏಳು ಮಂದಿಯ ಆಯೋಗವೊಂದು ನೇಮಕವಾಯಿತು. ಅವರಲ್ಲಿ ಮೂವರು ಭಾರತೀಯರು. ಅದು ದೇಶ ಸುತ್ತಿ 1,193 ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ಹಲವು ಸಂಪುಟಗಳ ವರದಿ ಕೊಟ್ಟಿತು.

ಆ ವರದಿಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಹುಚ್ಚಾಸ್ಪತ್ರೆಗಳ ತನಿಖೆ. 1892ರಲ್ಲಿ ಗಾಂಜಾ ಮತ್ತು ಅದರ ಜಾತಿಯ ಪದಾರ್ಥಗಳಿಂದ ಹುಚ್ಚು ಹಿಡಿಯಿತೆಂದು ದಾಖಲಾಗಿದ್ದ 222 ಪ್ರಕರಣಗಳನ್ನು ಆಯೋಗ ಒಂದೊಂದಾಗಿ ಪರಿಶೀಲಿಸಿತು. ಕೊನೆಗೆ ಉಳಿದವು 98 ಮಾತ್ರ. ಮಿಕ್ಕವು ಹುಟ್ಟಿದ್ದು ಹೇಗೆ? ಬೀದಿಯಲ್ಲಿ ಸಿಕ್ಕ ಅನಾಥ ರೋಗಿಯನ್ನು ಪೊಲೀಸರು ಕರೆತರುತ್ತಿದ್ದರು. ಅವನ ಪೂರ್ವಕಥೆ ಹೇಳಬಲ್ಲವರು ಜೊತೆಯಲ್ಲಿ ಇರುತ್ತಿರಲಿಲ್ಲ. ‘ಕಾರಣ’ ಎಂಬ ಕಾಲಂ ಮಾತ್ರ ಭರ್ತಿಯಾಗಬೇಕಿತ್ತು. ಗಾಂಜಾ ಎಂಬುದು ಸುಲಭದ ಉತ್ತರವಾಗಿತ್ತು. ಪೊಲೀಸರು ಬರೆದದ್ದು ಆಸ್ಪತ್ರೆಯ ಪುಸ್ತಕಕ್ಕೂ, ಅಲ್ಲಿಂದ ವಾರ್ಷಿಕ ವರದಿಗೂ ನಕಲಾಗುತ್ತ ಹೋಯಿತು.

ಹಾಗೆಂದು ಆಯೋಗ ಗಾಂಜಾವನ್ನು ನಿರಪಾಯಕಾರಿ ಎನ್ನಲಿಲ್ಲ. ಮಿತವಾದ ಬಳಕೆ ಮನಸ್ಸನ್ನು ಕೆಡಿಸದು. ಅತಿಯಾದರೆ, ಅದರಲ್ಲೂ ವಂಶಪಾರಂಪರ್ಯದ ದೌರ್ಬಲ್ಯವಿದ್ದವರಲ್ಲಿ, ಹುಚ್ಚನ್ನು ತರಬಹುದು ಎಂದಿತು. ಅತಿಯಾದ ಚಟವೇ ಒಳಗಿನ ಅಸ್ಥಿರತೆಯ ಸೂಚನೆಯಾಗಿರಬಹುದು ಎಂಬುದನ್ನೂ ಗುರುತಿಸಿತು. ಪೂರ್ಣ ನಿಷೇಧದ ಬದಲು ತೆರಿಗೆ ಮತ್ತು ಪರವಾನಗಿಯ ನಿಯಂತ್ರಣವನ್ನು ಸೂಚಿಸಿತು. ಸುಮಾರು ನೂರು ವರ್ಷಗಳ ಬಳಿಕ, 1987ರಲ್ಲಿ, ಸ್ವೀಡನ್ನಿನ 45,570 ಸೈನಿಕ ಭರ್ತಿ ಯುವಕರ ಅಧ್ಯಯನ ಪ್ರಕಟವಾಯಿತು. ಐವತ್ತಕ್ಕೂ ಹೆಚ್ಚು ಬಾರಿ ಗಾಂಜಾ ಬಳಸಿದ್ದವರಲ್ಲಿ ಸ್ಕಿಜೋಫ್ರೇನಿಯಾ ಆರು ಪಟ್ಟು ಹೆಚ್ಚಾಗಿ ಕಂಡಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಆಯೋಗದ ಪ್ರಶ್ನೆ ಮಾತ್ರ ಆಗಲೂ ಜೀವಂತವಾಗಿತ್ತು.

ಇನ್ನು ತಂಬಾಕು. ಅಕ್ಬರನ ಆಸ್ಥಾನಕ್ಕೆ ಅದನ್ನು ಒಯ್ದವನು ನಮ್ಮ ಬಿಜಾಪುರದಿಂದ ಹಿಂದಿರುಗಿದ ದೂತ ಅಸದ್ ಬೇಗ್. ಅಲ್ಲಿನ ವೈದ್ಯರು ಆಗಲೇ ಆಕ್ಷೇಪಿಸಿದ್ದರು. ಆದರೂ ಮುಂದೆ ಅದು ಎಷ್ಟು ಸಹಜವಾಯಿತೆಂದರೆ, ಗಾಂಜಾದ ಜೊತೆ ಚಿಲುಮೆಯಲ್ಲಿ ಬೆರೆತಿದ್ದರೂ ಹುಚ್ಚಿನ ಕಾರಣಗಳ ಚರ್ಚೆಯಲ್ಲಿ ಎಲ್ಲರ ಬೆರಳೂ ಗಾಂಜಾದತ್ತಲೇ ತಿರುಗಿತು.

ಈ ತಪ್ಪು ಹಳೆಯ ಗುಮಾಸ್ತರದ್ದು ಮಾತ್ರವಲ್ಲ. ನಮ್ಮ ಬಂಧುಗಳಲ್ಲೊಬ್ಬ ತರುಣ ಮನೋರೋಗಕ್ಕೆ ತುತ್ತಾದಾಗ ‘ಗಾಂಜಾ ಸೇದಿ ಕೆಟ್ಟ’ ಎಂದು ನಾವೂ ತೀರ್ಪು ಕೊಟ್ಟಿದ್ದೆವು. ಅದಕ್ಕೂ ಮೊದಲೇ ಅವನು ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆದದ್ದು, ಒಬ್ಬನೇ ಮಾತನಾಡಿಕೊಂಡದ್ದು ನಮ್ಮ ಲೆಕ್ಕಕ್ಕೆ ಬರಲಿಲ್ಲ. ಗಾಂಜಾ ಅವನ ಕಾಯಿಲೆಯನ್ನು ಉಲ್ಬಣಗೊಳಿಸಿರಬಹುದು. ಆದರೆ ಆ ಒಂದು ಪದ ಸಿಕ್ಕೊಡನೆ ನಾವು ಬೇರೇನನ್ನೂ ಕೇಳುವುದನ್ನು ನಿಲ್ಲಿಸಿದೆವು. ವೈದ್ಯರ ಬಳಿಗೆ ಹೋಗುವುದೂ ತಡವಾಯಿತು.

ಅಲ್ಲಿ ವೈದ್ಯರು ದಿನಕ್ಕೆ ಎಷ್ಟು ಸಿಗರೇಟು ಎಂದು ಕೇಳಿದಾಗ ನಮಗೆ ಆಶ್ಚರ್ಯ. ತಂಬಾಕಿನ ಹೊಗೆಯಿಂದ ಕ್ಲೋಜಪಿನ್, ಒಲಾಂಜಪಿನ್‌ನಂಥ ಔಷಧಿಗಳನ್ನು ಯಕೃತ್ತು ಬೇಗ ಕರಗಿಸಿಬಿಡುತ್ತದೆ. ಸೇದುವುದನ್ನು ಏಕಾಏಕಿ ಬಿಟ್ಟರೆ ಅದೇ ಪ್ರಮಾಣದ ಮಾತ್ರೆ ರಕ್ತದಲ್ಲಿ ವಿಪರೀತ ಏರಬಹುದು. ಬಿಡುವುದು ಒಳ್ಳೆಯದೇ, ವೈದ್ಯರಿಗೆ ತಿಳಿಸಿ ಬಿಡಬೇಕು. ಅವರ ಹಾಳೆಯಲ್ಲೂ ‘ಕಾರಣ’ ಎಂಬ ಕಾಲಂ ಇತ್ತು. ಅವರು ಅದನ್ನು ಆ ದಿನ ಖಾಲಿ ಬಿಟ್ಟರು.