ಹರೆಯದ ಆತಂಕ: ವಂಶವಾಹಿಯೂ ಮನೆಯೂ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಊಟ ಬಿಡುವ, ಹೊಟ್ಟೆನೋವೆಂದು ಶಾಲೆ ತಪ್ಪಿಸುವ ಮಕ್ಕಳ ಬಗ್ಗೆ ನಮ್ಮ ಹಾವೇರಿ ಜಿಲ್ಲೆಯ ಗುತ್ತಲದ ಕಡೆ ಎರಡು ಮಾತು ಕೇಳಿಬರುತ್ತವೆ. ‘ಅವರಪ್ಪನೂ ಹಿಂಗ ಇದ್ದ, ರಕ್ತದಾಗ ಬಂದೈತಿ’ ಎಂಬುದೊಂದು. ‘ಅವರವ್ವ ಸೆರಗಿನ್ಯಾಗ ಕಟ್ಟಿಕೊಂಡು ಬೆಳೆಸ್ಯಾಳ’ ಎಂಬುದು ಇನ್ನೊಂದು. ವಿಜ್ಞಾನವೂ ಬಹುಕಾಲ ಈ ಎರಡು ಮಾತುಗಳ ನಡುವೆಯೇ ಓಲಾಡಿತು. ಈಗ ಅದು ಬಂದು ನಿಂತಿರುವ ನೆಲೆ ಬೇರೆ. ಹೆತ್ತವರ ಪಾಲಿಗೆ ಹೆಚ್ಚು ನ್ಯಾಯವಾದದ್ದು ಕೂಡ.

ಅವಳಿಗಳನ್ನು ಹೋಲಿಸಿ ಹುಟ್ಟುಗುಣ ಮತ್ತು ಬೆಳೆಸಿದ ಗುಣಗಳನ್ನು ಬೇರ್ಪಡಿಸಬಹುದೆಂದು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1875ರಲ್ಲೇ ಬರೆದಿದ್ದ. ತದ್ರೂಪಿ ಅವಳಿಗಳ ವಂಶವಾಹಿಗಳು ಒಂದೇ. ಉಳಿದ ಅವಳಿಗಳು ಒಡಹುಟ್ಟಿದವರಷ್ಟೇ ಹತ್ತಿರ. ಈ ಎರಡು ಬಗೆಯ ಅವಳಿಗಳನ್ನು ಹೋಲಿಸುವ ಅಧ್ಯಯನಗಳನ್ನು 2001ರಲ್ಲಿ ಸಂಶೋಧಕ ಹೆಟೆಮಾ ಮತ್ತು ಸಂಗಡಿಗರು ಒಟ್ಟುಗೂಡಿಸಿ ನೋಡಿದಾಗ, ಆತಂಕದ ಕಾಯಿಲೆಗಳಲ್ಲಿ ಜನರ ನಡುವಿನ ವ್ಯತ್ಯಾಸಕ್ಕೆ ವಂಶವಾಹಿಗಳ ಪಾಲು ಸುಮಾರು 30ರಿಂದ 40% ಎಂದು ಕಂಡಿತು. ಈ ಅಂಕಿಯನ್ನು ತಪ್ಪಾಗಿ ಓದುವವರೇ ಹೆಚ್ಚು. ಒಬ್ಬ ಹುಡುಗಿಯ ಹೆದರಿಕೆಯಲ್ಲಿ ಇಷ್ಟು ಪಾಲು ರಕ್ತದ್ದು, ಉಳಿದದ್ದು ಮನೆಯದು ಎಂದು ಹಂಚಲು ಬರುವುದಿಲ್ಲ. ಅದು ಸಮೂಹದ ಲೆಕ್ಕ.

ವಂಶವಾಹಿಯನ್ನೇ ಹೆಸರಿಟ್ಟು ಹಿಡಿಯುವ ಉತ್ಸಾಹ ಬೇಗ ತಣ್ಣಗಾಯಿತು. ಮಿದುಳಿನ ರಾಸಾಯನಿಕ ಸೆರೊಟೋನಿನ್‌ಗೆ ಸಂಬಂಧಿಸಿದ ಒಂದು ವಂಶವಾಹಿ, ಕಷ್ಟದ ಬದುಕಿನ ಜೊತೆ ಸೇರಿದರೆ ಖಿನ್ನತೆ ತರುತ್ತದೆಂಬ 2003ರ ವರದಿ ಲೋಕದ ಗಮನ ಸೆಳೆದರೂ, 2009ರ ದೊಡ್ಡ ಮರುಪರಿಶೀಲನೆಯಲ್ಲಿ ನಿಲ್ಲಲಿಲ್ಲ. ತೀರ ಚಿಕ್ಕ ಪರಿಣಾಮದ ನೂರಾರು, ಸಾವಿರಾರು ವ್ಯತ್ಯಾಸಗಳು ಸೇರಿ ಕೆಲಸ ಮಾಡುತ್ತವೆ ಎಂಬುದು ಇಂದಿನ ತಿಳಿವಳಿಕೆ.

ಇತ್ತ ಹೆತ್ತವರನ್ನು ದೂರುವ ವಾದವೂ ಸೊರಗಿತು. ಮಕ್ಕಳ ಆತಂಕದ ವ್ಯತ್ಯಾಸದಲ್ಲಿ ಪಾಲನೆಯ ರೀತಿ ವಿವರಿಸುವುದು ಸುಮಾರು 4% ಮಾತ್ರ ಎಂದು 2007ರಲ್ಲಿ ಮ್ಯಾಕ್‌ಲಿಯಾಡ್, ವುಡ್ ಮತ್ತು ವೈಸ್ ತೋರಿಸಿದರು. ಅದರಲ್ಲೂ ಮುದ್ದು ಕಡಿಮೆಯಾದದ್ದಕ್ಕಿಂತ, ಎಲ್ಲದಕ್ಕೂ ಅಡ್ಡ ಬಂದು ಕೈಹಿಡಿದು ನಡೆಸುವುದರ ಪಾಲು ಹೆಚ್ಚು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಲಂಡನ್ನಿನ ಥಾಲಿಯಾ ಈಲಿ ಅವರ ತಂಡ 2010ರಲ್ಲಿ ಪ್ರಕಟಿಸಿದ ಪ್ರಯೋಗ. ಎರಡು ಗುಂಡಿ ತಿರುಗಿಸಿ ಗೆರೆ ಎಳೆಯುವ ಆಟಿಕೆಯೊಂದನ್ನು ಎಂಟು ವರ್ಷದ ಅವಳಿ ಮಕ್ಕಳು ಮತ್ತು ತಾಯಿಯ ಮುಂದಿಟ್ಟರು. ಒಂದು ಗುಂಡಿ ಮಗುವಿಗೆ, ಒಂದು ತಾಯಿಗೆ. ತಾಯಿ ಎಷ್ಟು ಸಲ ಮಗುವಿನ ಗುಂಡಿಗೆ ಕೈ ಹಾಕುತ್ತಾಳೆ, ಎಷ್ಟು ಅಪ್ಪಣೆ ಕೊಡುತ್ತಾಳೆ ಎಂದು ನೋಡಿದರು. ಆ ಹಿಡಿತದ ಹಿಂದೆ ಮಗುವಿನ ವಂಶವಾಹಿಗಳೇ ಎದ್ದು ಕಂಡವು. ಅಂಜುವ ಮಗುವೇ ತಾಯಿಯಿಂದ ಹಿಡಿತವನ್ನು ಹೊರಡಿಸುತ್ತಿತ್ತು. ಸೆರಗಿನಲ್ಲಿ ಕಟ್ಟಿಕೊಂಡಳೆಂದು ತಾಯಿಯನ್ನು ಬೈಯುವ ಮುಂಚೆ ಇದು ನೆನಪಿರಬೇಕು.

ಅದೇ ತಂಡ 2015ರಲ್ಲಿ ಸ್ವೀಡನ್ನಿನ ಅವಳಿಗಳ ಹರೆಯದ ಮಕ್ಕಳನ್ನು ಅಧ್ಯಯನ ಮಾಡಿತು. ಅಪ್ಪ, ಚಿಕ್ಕಪ್ಪ ತದ್ರೂಪಿ ಅವಳಿಗಳಾದರೆ ವಂಶವಾಹಿಯ ಲೆಕ್ಕದಲ್ಲಿ ಮಗುವಿಗೆ ಇಬ್ಬರೂ ಸಮ. ಸಾಕಿದವನು ಮಾತ್ರ ಒಬ್ಬ. ಹೀಗೆ ಜರಡಿ ಹಿಡಿದಾಗ, ಹೆತ್ತವರ ಆತಂಕ ಮಕ್ಕಳಿಗೆ ಒಟ್ಟಿಗೆ ಬದುಕುವುದರಿಂದಲೇ ದಾಟುತ್ತದೆಂಬುದಕ್ಕೆ ಪುರಾವೆ ಸಿಕ್ಕಿತು. ಆದರೆ ನಮ್ಮ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಅನೇಕ ಕೂಡುಕುಟುಂಬಗಳಲ್ಲಿ ಚಿಕ್ಕಪ್ಪನೂ ಸಾಕುತ್ತಾನೆ, ಅಜ್ಜಿ ತಾಯಿಗಿಂತ ಹೆಚ್ಚು ಹೊತ್ತು ಜೊತೆಗಿರುತ್ತಾಳೆ. ಹೈಸ್ಕೂಲಿಗೆ ಬಂದ ಮಕ್ಕಳಲ್ಲಿ ಎಷ್ಟೋ ಮಂದಿ ಹಾಸ್ಟೆಲ್‌ನಲ್ಲಿರುತ್ತಾರೆ. ತಾಯಿಯೊಬ್ಬಳನ್ನೇ ಅಳೆಯುವ ಪ್ರಶ್ನಾವಳಿ ಇಲ್ಲಿ ಸಾಲದು.

ಕರ್ನಾಟಕದ ಕೆಲಸ ಶುರುವಾದದ್ದು ಎಣಿಕೆಯಿಂದ. ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ನಗರ, ಕೊಳೆಗೇರಿ, ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 2005ರಲ್ಲಿ ಬಂತು; 4ರಿಂದ 16 ವರ್ಷದವರಲ್ಲಿ 12% ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ 13ರಿಂದ 17ರ ವಯಸ್ಸಿನಲ್ಲಿ ಆತಂಕದ ಕಾಯಿಲೆ 3.6% ಎಂದಿತು. ಆ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕವೇ ಇರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರಿಂದ ಶುರುವಾದ ಅಧ್ಯಯನ ಇನ್ನೂ ಆಳಕ್ಕೆ ಹೋಯಿತು. ಅಲ್ಲಿ ಹುಟ್ಟಿದ ಮಕ್ಕಳು ಹರೆಯಕ್ಕೆ ಬಂದಾಗ, ಅಪರಿಚಿತರ ಮುಂದೆ ಮಾತಾಡಿಸಿ, ಬಾಯಿಲೆಕ್ಕ ಕೇಳಿ, ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಅಳೆದರು. ಮುಂದೆ ನಿಮ್ಹಾನ್ಸ್ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜು ಜೊತೆಗೂಡಿ, ಮೈಸೂರು ಸೇರಿದಂತೆ ಏಳು ಕೇಂದ್ರಗಳಲ್ಲಿ ‘ಸಿ-ವೇದ’ ಎಂಬ ಅಧ್ಯಯನ ಕಟ್ಟಿದವು. ವಂಶವಾಹಿ, ಮಿದುಳಿನ ಚಿತ್ರ, ಮನೆಯ ಪರಿಸರ ಮೂರನ್ನೂ ಒಂದೇ ಮಗುವಿನಲ್ಲಿ ನೋಡುವ ದೊಡ್ಡ ಪ್ರಯತ್ನವದು. ಮೆಣಸಿನಕಾಯಿ, ಹತ್ತಿಯ ಸೀಮೆಯ ನಮ್ಮ ಹಳ್ಳಿಮಕ್ಕಳನ್ನೂ ಇಂಥ ಅಧ್ಯಯನ ತಲುಪಬೇಕು.

ಚಿಕಿತ್ಸೆಯಾದರೂ ಸಂಶೋಧನೆಗೆ ಕಾಯಬೇಕಿಲ್ಲ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದ್ದ ಮಕ್ಕಳು 124. ಒಂದು ಗುಂಪಿನಲ್ಲಿ ಮಕ್ಕಳನ್ನು ಕರೆಯದೆ ಹೆತ್ತವರಿಗಷ್ಟೇ ತರಬೇತಿ ಕೊಟ್ಟರು: ‘ನಿನಗೆ ಹೆದರಿಕೆಯಾಗುತ್ತದೆ, ಗೊತ್ತು, ಆದರೂ ನಿನ್ನಿಂದ ಆಗುತ್ತದೆ’ ಎನ್ನುವುದು, ಶಾಲೆ ತಪ್ಪಿಸಲು ಕೈಜೋಡಿಸದಿರುವುದು. ಮಕ್ಕಳಿಗೇ ನೇರ ಚಿಕಿತ್ಸೆ ಕೊಟ್ಟಷ್ಟೇ ಫಲ ಬಂತು. ಗುತ್ತಲದ ಮನೆಯಲ್ಲಿ ಈ ಮಾತು ಅವ್ವನೊಬ್ಬಳಿಗೆ ಕಲಿಸಿದರೆ ಸಾಲದು, ಅಜ್ಜಿಗೂ ದೊಡ್ಡಪ್ಪನಿಗೂ ಕಲಿಸಬೇಕಾಗುತ್ತದೆ. ಮೊದಲ ಹೆಜ್ಜೆಗೆ 2022ರಿಂದ ನಡೆಯುತ್ತಿರುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ; 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಅದರಾಚೆ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.