ಚಿನ್ನದ ಊರಿನ ಹೆಣ್ಣುಮಕ್ಕಳು

ದಿನಾ ಬುಲೆಟಿನ್‌ನಲ್ಲಿ ನಾನು ಚಿನ್ನದ ರೇಟು ಓದ್ತೀನಿ. ಹತ್ತು ಗ್ರಾಂಗೆ ಇಷ್ಟು, ನಿನ್ನೆಗಿಂತ ಇಷ್ಟು ಏರಿಕೆ, ಇಷ್ಟು ಇಳಿಕೆ. ಆ ಹೊತ್ತಿಗೆ ಅಡುಗೆಮನೆಯಿಂದ ‘ಸ್ವಲ್ಪ ಸೌಂಡ್ ಜಾಸ್ತಿ ಮಾಡ್ರೀ’ ಅನ್ನೋ ದನಿ ಎಷ್ಟು ಮನೆಗಳಲ್ಲಿ ಕೇಳುತ್ತೋ! ಚಿನ್ನ ಅಂದ ಕೂಡಲೇ ನಮಗೆ ಹೆಂಗಸರ ನೆನಪಾಗುತ್ತೆ. ಅವರ ಬಳೆ, ಅವರ ಸರ, ಅವರ ತಾಳಿ. ಆದರೆ ಆ ಚಿನ್ನವನ್ನು ನೆಲದಿಂದ ತೆಗೆದ ಕಥೆ ಹೇಳೋಕೆ ಶುರು ಮಾಡಿ ನೋಡಿ, ಹೆಂಗಸರು ಮಾಯ! ಗಡ್ಡ ಬಿಟ್ಟ ಗಂಡಸರು, ಗುದ್ದಲಿ, ಸಲಿಕೆ, ಪಿಸ್ತೂಲು, ಅಷ್ಟೆ.

ಚಾರ್ಲಿ ಚಾಪ್ಲಿನ್ ಹಸಿವು ತಾಳಲಾರದೆ ತನ್ನ ಬೂಟನ್ನೇ ಬೇಯಿಸಿ ತಿನ್ನೋ ದೃಶ್ಯವನ್ನು ನೀವು ಯೂಟ್ಯೂಬಿನಲ್ಲಾದರೂ ನೋಡಿರ್ತೀರಿ. 1925ರ ‘ದಿ ಗೋಲ್ಡ್ ರಷ್’ ಸಿನಿಮಾ. ಕಥೆ ನಡೆಯೋದು ಕೆನಡಾದ ವಾಯವ್ಯ ತುದಿಯ ಕ್ಲಾಂಡೈಕ್‌ನಲ್ಲಿ. ಆ ಸಿನಿಮಾದಲ್ಲಿ ನಮಗೆ ನೆನಪಿರುವ ಹೆಣ್ಣು ಒಬ್ಬಳೇ, ಡಾನ್ಸ್ ಹಾಲಿನ ಹುಡುಗಿ. ಇವತ್ತಿಗೂ ಕ್ಲಾಂಡೈಕ್ ಅಂದ್ರೆ ಪ್ರವಾಸಿಗರಿಗೆ ತೋರಿಸೋದು ಅದನ್ನೇ, ಲಂಗ ಎತ್ತಿ ಕುಣಿಯೋ ಹುಡುಗಿಯರನ್ನ. ನಾನು ಇವತ್ತು ಹೇಳಹೊರಟಿರೋದು ಉಳಿದವರ ಕಥೆ.

1896ರ ಆಗಸ್ಟ್. ಯೂಕಾನ್ ನದಿಗೆ ಸೇರುವ ಕ್ಲಾಂಡೈಕ್ ನದಿ, ಅದಕ್ಕೆ ಸೇರುವ ಒಂದು ಸಣ್ಣ ಹಳ್ಳ. ಹೆಸರು ರ್‍ಯಾಬಿಟ್ ಕ್ರೀಕ್, ಮೊಲದ ಹಳ್ಳ ಅಂತಿಟ್ಟುಕೊಳ್ಳಿ. ಆಮೇಲೆ ಅದೇ ಬೊನಾನ್ಜಾ ಕ್ರೀಕ್ ಅಂತ ಜಗತ್ಪ್ರಸಿದ್ಧವಾಯ್ತು. ಆ ಹಳ್ಳದ ಕಡೆ ಬಂದ ಒಂದು ಕುಟುಂಬಕ್ಕೆ ಚಿನ್ನ ಸಿಕ್ಕಿತು. ಹೌದು, ಕುಟುಂಬಕ್ಕೆ. ಈ ಪದವನ್ನು ನೆನಪಿಟ್ಟುಕೊಳ್ಳಿ. ಜಾರ್ಜ್ ಕಾರ್ಮ್ಯಾಕ್ ಅನ್ನೋ ಬಿಳಿಯ. ಅವನ ಹೆಂಡತಿ ಕೇಟ್, ಟಾಗಿಶ್ ಬುಡಕಟ್ಟಿನವಳು, ಹುಟ್ಟುಹೆಸರು ಶಾ ತ್ಲಾ. ಅವಳ ಅಣ್ಣ ಸ್ಕೂಕಮ್ ಜಿಮ್. ಅವರ ಸೋದರಳಿಯ ಡಾಸನ್ ಚಾರ್ಲಿ.

ಮೊದಲು ಚಿನ್ನ ಕಂಡಿದ್ದು ಯಾರಿಗೆ? ನನಗೇ ಅಂದ ಜಾರ್ಜ್. ಜಿಮ್‌ಗೆ ಅಂದರು ಅವನ ಕಡೆಯವರು. ಕೇಟ್ ಕಣ್ಣಿಗೇ ಮೊದಲು ಬಿದ್ದಿದ್ದು ಅನ್ನೋ ಮಾತೂ ಇದೆ. ಅದು ಬಗೆಹರಿಯದ ವಾದ, ಬಿಡಿ. ಬಗೆಹರಿದಿರೋದು ಕಾಗದದ ಮೇಲಿರೋದು. ಚಿನ್ನ ಮೊದಲು ಕಂಡವನಿಗೆ ಎರಡು ಪಾಲು, ಉಳಿದವರಿಗೆ ಒಂದೊಂದು, ಇದು ಅಲ್ಲಿನ ಗಣಿ ಕಾಯಿದೆ. ಜಾರ್ಜ್ ಎರಡು ಪಾಲು ಬರೆಸಿಕೊಂಡ. ಜಿಮ್‌ಗೆ ಒಂದು, ಚಾರ್ಲಿಗೆ ಒಂದು. ಕೇಟ್‌ಗೆ? ಸೊನ್ನೆ. ಗಂಡನದ್ದು ಅಂದ್ರೆ ಅವಳದ್ದೂ ತಾನೇ, ಬೇರೆ ಯಾಕೆ ಬರೆಸಬೇಕು? ಈ ಮಾತು ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸುಗಳ ವರಾಂಡದಲ್ಲೂ ಕೇಳಿರ್ತೀರಿ.

ಸುದ್ದಿ ಹೊರಜಗತ್ತಿಗೆ ಮುಟ್ಟೋಕೆ ಹತ್ತಿರ ಹತ್ತಿರ ಒಂದು ವರ್ಷ ಹಿಡೀತು. ಆಗ ಬ್ರೇಕಿಂಗ್ ನ್ಯೂಸ್ ಹಡಗಿನಲ್ಲಿ ಬರ್ತಿತ್ತು! 1897ರ ಜುಲೈ 17ರಂದು ‘ಪೋರ್ಟ್‌ಲ್ಯಾಂಡ್’ ಹಡಗು ಸಿಯಾಟಲ್ ಬಂದರಿಗೆ ಬಂದಾಗ, ಅದರಲ್ಲಿ ಟನ್‌ಗಟ್ಟಲೆ ಚಿನ್ನ ಇದೆ ಅಂತ ಪತ್ರಿಕೆಗಳು ಕೂಗಿದವು. ಆ ಹಡಗಿನಿಂದ ಇಳಿದವರಲ್ಲಿ ಎಥೆಲ್ ಬೆರ್ರಿ ಅನ್ನೋ ಕ್ಯಾಲಿಫೋರ್ನಿಯಾದ ಹೆಣ್ಣುಮಗಳೂ ಇದ್ದಳು. ಮದುವೆಯಾಗಿ ಗಂಡನ ಜೊತೆ ಹೊರಟ ಮಧುಚಂದ್ರವೇ ಹಿಮದ ಬೆಟ್ಟ ಹತ್ತೋದು. ಪತ್ರಿಕೆಗಳು ಅವಳಿಗೆ ‘ಕ್ಲಾಂಡೈಕಿನ ಮದುಮಗಳು’ ಅಂತ ಹೆಸರಿಟ್ಟವು. ಗಂಡಸರು ಅಗೆದು ಹಾಕಿದ ಮಣ್ಣಿನ ರಾಶಿಯಲ್ಲಿ ಕೈಯಾಡಿಸಿ ಗಟ್ಟಿಗಳನ್ನು ಹೆಕ್ಕಿದವಳು ಇವಳು. ಇದು ನಮ್ಮ ಕೆಜಿಎಫ್ ಥರ ಸಾವಿರಾರು ಅಡಿ ಆಳದ ಬಂಡೆಯ ಗಣಿ ಅಲ್ಲ. ಹಳ್ಳದ ಜಲ್ಲಿಯಲ್ಲಿ ಬೆರೆತ ಚಿನ್ನ. ವರ್ಷಪೂರ್ತಿ ಹೆಪ್ಪುಗಟ್ಟಿರುವ ನೆಲವನ್ನು ಚಳಿಗಾಲದಲ್ಲಿ ಬೆಂಕಿ ಹಾಕಿ ಕರಗಿಸಬೇಕು, ಅಗೆದು ಗುಡ್ಡೆ ಹಾಕಬೇಕು, ವಸಂತದಲ್ಲಿ ನೀರು ಹರಿದಾಗ ತೊಳೆಯಬೇಕು.

ಒಂದು ಲಕ್ಷದಷ್ಟು ಜನ ಹೊರಟರು ಅಂತ ಅಂದಾಜು. ತಲುಪಿದವರು ಅದರಲ್ಲಿ ಅರ್ಧಕ್ಕಿಂತಲೂ ಕಡಿಮೆ. ಹೆಚ್ಚಿನವರು ಹೋಗಿದ್ದು ಚಿಲ್ಕೂಟ್ ಕಣಿವೆಯ ದಾರಿಯಲ್ಲಿ. ಒಂದು ವರ್ಷಕ್ಕಾಗುವಷ್ಟು ದವಸಧಾನ್ಯ ತರದಿದ್ದರೆ ಕೆನಡಾ ಪೊಲೀಸರು ಗಡಿ ದಾಟಲು ಬಿಡ್ತಿರಲಿಲ್ಲ. ಸಾಮಾನೆಲ್ಲ ಸೇರಿ ಒಬ್ಬೊಬ್ಬರಿಗೆ ಸುಮಾರು ಒಂದು ಟನ್. ಅದನ್ನು ಬೆನ್ನ ಮೇಲೆ ಹೊತ್ತು, ಮಂಜುಗಡ್ಡೆಯಲ್ಲಿ ಕಡಿದ ಮೆಟ್ಟಿಲು ಹತ್ತಿ, ಇಳಿದು, ಮತ್ತೆ ಹತ್ತಿ... ಮೂವತ್ತು, ನಲವತ್ತು ಸಲ. ಹೀಗೆ ಬಂದವರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಬ್ಬರು ಹೆಂಗಸರು.

ಮಾರ್ಥಾ ಪರ್ಡಿ ಅವರಲ್ಲಿ ಒಬ್ಬಳು. ಶಿಕಾಗೋದ ಅನುಕೂಲಸ್ಥರ ಮನೆಯ ಹೆಣ್ಣು. 1898ರಲ್ಲಿ ಗಂಡ ಕೊನೇ ಗಳಿಗೆಯಲ್ಲಿ, ಕ್ಲಾಂಡೈಕ್ ಬೇಡ, ಹವಾಯಿಗೆ ಹೋಗೋಣ ಅಂದ. ಇವಳು, ನೀನು ಬೇಕಾದ್ರೆ ಹೋಗು ಅಂತ ಸೋದರನ ಜೊತೆ ಹೊರಟೇಬಿಟ್ಟಳು. ಎದೆ ಬಿಗಿಯುವ ಕಾರ್ಸೆಟ್ಟು, ಕುತ್ತಿಗೆ ಒತ್ತುವ ಕಾಲರ್, ಉದ್ದ ಲಂಗ ಹಾಕ್ಕೊಂಡು ಚಿಲ್ಕೂಟ್ ಹತ್ತಿದಳು. ಮರ್ಯಾದಸ್ಥ ಹೆಂಗಸಿನ ಪೋಷಾಕು ಅದು, ಬಿಡೋ ಹಾಗಿಲ್ಲ! ಡಾಸನ್ ಸಿಟಿ ತಲುಪಿದ ಮೇಲೆ ತಾನು ಬಸುರಿ ಅನ್ನೋದು ಖಚಿತವಾಯ್ತು. ವಾಪಸ್ ಹೋಗೋಕೆ ಮತ್ತೆ ಅದೇ ಬೆಟ್ಟ. 1899ರ ಜನವರಿ 31ರಂದು, ಮೈನಸ್ ಡಿಗ್ರಿಯ ಚಳಿಯಲ್ಲಿ, ಮರದ ದಿಮ್ಮಿಗಳ ಗುಡಿಸಲಿನಲ್ಲಿ, ಡಾಕ್ಟರಿಲ್ಲದೆ ಸೂಲಗಿತ್ತಿಯಿಲ್ಲದೆ ಗಂಡುಮಗು ಹೆತ್ತಳು. ಮನೆಮಕ್ಕಳನ್ನು ಬಿಟ್ಟು ಬಂದಿದ್ದ ಗಣಿಯ ಗಂಡಸರು ಆ ಕೂಸನ್ನು ನೋಡೋಕೆ ಸಾಲುಗಟ್ಟಿ ಬಂದರು. ಬಾಣಂತಿಗೆ ಉಡುಗೊರೆಯಾಗಿ ಚಿನ್ನದ ಪುಡಿ ತಂದರು.

ಮುಂದೆ ಇವಳು ಸಾ ಮಿಲ್ ನಡೆಸಿದಳು, ಮೊದಲ ಗಂಡನಿಂದ ಬಿಡುಗಡೆ ಪಡೆದು ಜಾರ್ಜ್ ಬ್ಲ್ಯಾಕ್ ಅನ್ನೋ ವಕೀಲನನ್ನು ಮದುವೆಯಾದಳು. 1935ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಚುನಾವಣೆ ಗೆದ್ದು ಕೆನಡಾ ಸಂಸತ್ತಿನ ಕೆಳಮನೆಗೆ ಹೋದಳು. ಅಲ್ಲಿಗೆ ಆಯ್ಕೆಯಾದ ಎರಡನೆಯ ಮಹಿಳೆ. ಅಲ್ಲಿಯವರೆಗೆ ಗಂಡನೇ ಎಂಪಿ, ಸ್ಪೀಕರ್ ಕೂಡ ಆಗಿದ್ದ. ಅವನಿಗೆ ಕಾಯಿಲೆ ಬಂದಿದ್ದರಿಂದ ಇವಳು ನಿಂತಳು. ಗಂಡನ ಸೀಟಿಗೆ ಹೆಂಡತಿ ನಿಲ್ಲೋದು ನಮಗೇನು ಹೊಸದಲ್ಲ. ಆದರೆ ಗರ್ಭಿಣಿಯಾಗಿ ಚಿಲ್ಕೂಟ್ ಹತ್ತಿದವಳನ್ನು ಡಮ್ಮಿ ಕ್ಯಾಂಡಿಡೇಟ್ ಅನ್ನೋಕೆ ನನಗಂತೂ ಬಾಯಿ ಬರಲ್ಲ.

ಡಾಸನ್ ಹೇಗಿತ್ತು? 1896ರಲ್ಲಿ ಜೌಗು ನೆಲ. 1898ರ ಬೇಸಿಗೆಗೆ ಊರು, ಸುತ್ತಮುತ್ತ ಸೇರಿ ಅಂದಾಜು 30,000 ಜನ. ಮೊಟ್ಟೆ ಒಂದಕ್ಕೆ ಒಂದು ಡಾಲರ್. ಚರಂಡಿ ಇಲ್ಲ, ಶುದ್ಧ ನೀರಿಲ್ಲ, ಟೈಫಾಯಿಡ್ ಜ್ವರ ಜನರನ್ನು ಮಲಗಿಸಿತ್ತು. ವಿಕ್ಟೋರಿಯನ್ ಆರ್ಡರ್ ಆಫ್ ನರ್ಸಸ್ ಸಂಸ್ಥೆಯ ನಾಲ್ವರು ನರ್ಸ್‌ಗಳು ಸೈನಿಕರ ಜೊತೆ ಕಾಡು, ಕೆಸರು ತುಳಿದು ಬಂದು ಅವರ ಆರೈಕೆಗೆ ನಿಂತರು. ನನ್ನ ವೃತ್ತಿಯವರೂ ಬಂದಿದ್ದರು. ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಫ್ಲೋರಾ ಶಾ ಅಲ್ಲಿನ ಅಧಿಕಾರಿಗಳ ಭ್ರಷ್ಟಾಚಾರವನ್ನು ಬಯಲಿಗೆಳೆದಳು. ಗಡ್ಡದ ಗಂಡಸರು ಚಿನ್ನ ತೊಳೀತಿದ್ದರು ಸರಿ, ಅವರ ಬಟ್ಟೆ ತೊಳೀತಿದ್ದವರು ಯಾರು? ರೊಟ್ಟಿ ಬೇಯಿಸಿದವರು, ಹರಿದ ಅಂಗಿ ಹೊಲಿದವರು ಯಾರು? ಮೂಲನಿವಾಸಿ ಹೆಂಗಸರು ಹೊಲಿದುಕೊಟ್ಟ ತುಪ್ಪಳದ ಕೈಗವಸು, ಚರ್ಮದ ಪಾದರಕ್ಷೆ ಇಲ್ಲದಿದ್ದರೆ ಎಷ್ಟೋ ಜನರ ಬೆರಳುಗಳೇ ಉಳೀತಿರಲಿಲ್ಲ. ಗುದ್ದಲಿ ಹಿಡಿದವರಲ್ಲಿ ಬಹುಪಾಲು ಜನ ಬರಿಗೈಲಿ ಊರಿಗೆ ಹೋದರು. ಒಲೆ ಹಚ್ಚಿದವಳಿಗೆ ದಿನಕ್ಕಿಷ್ಟು ಅಂತ ಕೈಗೆ ಬರ್ತಿತ್ತು.

ಈ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡವಳು ಬೆಲಿಂಡಾ ಮುಲ್ರೂನಿ. ನನಗೆ ಬಹಳ ಇಷ್ಟವಾದ ಪಾತ್ರ. ಐರ್ಲೆಂಡಿನಲ್ಲಿ ಹುಟ್ಟಿ, ಹದಿಹರೆಯದಲ್ಲಿ ಅಮೆರಿಕಕ್ಕೆ ಬಂದವಳು. 1893ರ ಶಿಕಾಗೋ ವಿಶ್ವ ಮೇಳದಲ್ಲಿ ಸ್ಯಾಂಡ್‌ವಿಚ್ ಮಾರಿದ್ದಳು. ಅದೇ ಮೇಳದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತಾಡಿದ್ದು. ಆಮೇಲೆ ಹಡಗಿನಲ್ಲಿ ಪ್ರಯಾಣಿಕರ ಚಾಕರಿ. 1897ರಲ್ಲಿ ಡಾಸನ್ನಿಗೆ ಬಂದಾಗ ಅವಳಿಗೆ ಇಪ್ಪತ್ತೈದು. ಉಳಿದವರು ಸಲಿಕೆ ತಂದರೆ ಇವಳು ತಂದಿದ್ದು ಬಟ್ಟೆ, ಚಳಿಗೆ ಕಾಲ ಬುಡದಲ್ಲಿಟ್ಟುಕೊಳ್ಳೋ ಬಿಸಿನೀರಿನ ರಬ್ಬರ್ ಚೀಲ. ಇಳಿದವಳೇ ಕೈಯಲ್ಲಿದ್ದ ಕೊನೆಯ ಚಿಲ್ಲರೆಯನ್ನು ಯೂಕಾನ್ ನದಿಗೆ ಎಸೆದಳಂತೆ, ಇನ್ನು ಚಿಲ್ಲರೆ ಕಾಸಿನ ಅಗತ್ಯ ನನಗಿಲ್ಲ ಅಂತ! ತಂದ ಸರಕನ್ನು ಆರು ಪಟ್ಟು ಲಾಭಕ್ಕೆ ಮಾರಿದಳು. ಆ ದುಡ್ಡಲ್ಲಿ ಹೋಟೆಲ್ ಶುರು.

ಜಾಣತನ ಏನು ಗೊತ್ತಾ? ಡಾಸನ್ನಿನಲ್ಲಿ ಎಲ್ಲರೂ ಅಂಗಡಿ ಹಾಕ್ತಿದ್ದಾಗ ಇವಳು ಗಣಿಗಳ ನಡುವೆ, ಬೊನಾನ್ಜಾ ಮತ್ತು ಎಲ್ಡೊರಾಡೊ ಹಳ್ಳಗಳು ಕೂಡುವಲ್ಲಿ ಹೋಟೆಲ್ ಕಟ್ಟಿದಳು. ಜನ ನಕ್ಕರು. ಆದರೆ ಆ ಎರಡು ಹಳ್ಳದಲ್ಲಿ ದುಡಿಯುವ ಪ್ರತಿಯೊಬ್ಬನೂ ಅವಳ ಬಾಗಿಲ ಮುಂದೆಯೇ ಹೋಗಬೇಕು. ಕೌಂಟರಿನ ಹಿಂದೆ ನಿಂತು ಎಲ್ಲಿ ಚಿನ್ನ ಬಿತ್ತು, ಯಾರು ಸಾಲದಲ್ಲಿದ್ದಾನೆ, ಯಾರು ಪಾಲು ಮಾರಲಿದ್ದಾನೆ, ಎಲ್ಲ ಕೇಳಿಸಿಕೊಳ್ಳೋಳು. ಮಾತಾಡ್ತಿರಲಿಲ್ಲ, ಗಣಿಗಳಲ್ಲಿ ಪಾಲು ಕೊಳ್ತಿದ್ದಳು. ತನ್ನ ಹೆಸರಿಗೇ. 1898ರ ಜುಲೈನಲ್ಲಿ ಡಾಸನ್ನಿನಲ್ಲಿ ಮೂರಂತಸ್ತಿನ ಫೇರ್‌ವ್ಯೂ ಹೋಟೆಲ್ ತೆರೆದಳು. ಹಿತ್ತಾಳೆ ಮಂಚ, ಗಾಜಿನ ತೂಗುದೀಪ, ಬಿಳಿ ಮೇಜುಬಟ್ಟೆ. ಕೋಣೆಗಳ ನಡುವಿನ ಗೋಡೆ ಮಾತ್ರ ಕ್ಯಾನ್ವಾಸ್ ಬಟ್ಟೆಗೆ ಕಾಗದ ಅಂಟಿಸಿದ್ದು. ಪಕ್ಕದ ಕೋಣೆಯವನ ಗೊರಕೆ ಫ್ರೀ.

1900ರಲ್ಲಿ ಅವಳು ಕಾರ್ಬೊನ್ನೋ ಎಂಬ ‘ಕೌಂಟ್’ ಒಬ್ಬನನ್ನು ಮದುವೆಯಾದಳು. ಶ್ರೀಮಂತ ಕುಲದವನಲ್ಲ, ಷಾಂಪೇನ್ ಮಾರೋನು. ಆರು ವರ್ಷಕ್ಕೆ ವಿಚ್ಛೇದನ. ಅಷ್ಟರಲ್ಲಿ ದುಡ್ಡು ಸಾಕಷ್ಟು ಕರಗಿತ್ತು. ಆದರೂ ಅಲಾಸ್ಕಾಕ್ಕೆ ಹೋಗಿ ಮತ್ತೆ ಸಂಪಾದಿಸಿದಳು, ಬ್ಯಾಂಕ್ ನಡೆಸಿದಳು. ಸತ್ತಿದ್ದು 1967ರಲ್ಲಿ, ತೊಂಬತ್ತೈದನೇ ವಯಸ್ಸಿನಲ್ಲಿ.

ಇನ್ನು ಡಾನ್ಸ್ ಹಾಲಿನ ಹುಡುಗಿಯರು. ಒಂದು ಕುಣಿತಕ್ಕೆ ಒಂದು ಡಾಲರ್, ಅದರಲ್ಲಿ ಅವರಿಗೊಂದು ಪಾಲು. ಬೆಳಗಿನ ಜಾವದವರೆಗೆ ಕೆಸರು ಬೂಟಿನವರ ಜೊತೆ ಕುಣಿಯೋದು ಮೋಜಲ್ಲ, ಕೂಲಿ. ಮೈ ಮಾರಿ ಬದುಕಿದವರ ಪಾಡು ಬೇರೆ. ಆಡಳಿತ ಅವರಿಂದ ದಂಡ ಕಟ್ಟಿಸಿಕೊಂಡಿತು, ವೈದ್ಯರ ತಪಾಸಣೆಗೆ ಗುರಿಮಾಡಿತು. ಊರಿಗೆ ದೊಡ್ಡಮನುಷ್ಯರ ಸಂಸಾರಗಳು ಬಂದು ನೆಲೆಸಿದ ಮೇಲೆ ಕಣ್ಣಿಗೆ ಕಾಣಬಾರದು ಅಂತ ನದಿಯ ಆಚೆಗೆ ಸಾಗಹಾಕಿತು. ಆ ಜಾಗ ಯಾವುದು ಗೊತ್ತೇ? ತ್ರೊಂಡೆಕ್ ಹ್ವೆಚಿನ್ ಬುಡಕಟ್ಟಿನವರು ತಲತಲಾಂತರದಿಂದ ಸಾಲ್ಮನ್ ಮೀನು ಹಿಡಿಯುತ್ತಿದ್ದ ಬೀಡು. ಕ್ಲಾಂಡೈಕ್ ಅನ್ನೋ ಹೆಸರೇ ಅವರ ತ್ರೊಂಡೆಕ್ ಎಂಬ ಪದ ಬಿಳಿಯರ ಬಾಯಲ್ಲಿ ಕೆಟ್ಟು ಹುಟ್ಟಿದ್ದು. ಮೊದಲು ಅವರನ್ನು ಎಬ್ಬಿಸಿದರು, ಆಮೇಲೆ ಇವರನ್ನು ತಂದು ಹಾಕಿದರು.

ಈಗ ಕೇಟ್ ವಿಚಾರಕ್ಕೆ ಬರ್ತೀನಿ. ಜಾರ್ಜ್ ಜೊತೆ ಮೊದಲು ಮದುವೆಯಾಗಿದ್ದು ಅವಳಲ್ಲ, ಅವಳ ಅಕ್ಕ. ಅಕ್ಕ ತೀರಿಕೊಂಡಳು. ಕೇಟ್‌ಗೂ ಮೊದಲ ಗಂಡ, ಹಸುಗೂಸು ಎರಡೂ ಸತ್ತಿದ್ದವು. ಅಕ್ಕ ಹೋದ ಮನೆಗೆ ತಂಗಿಯನ್ನು ಕೊಡೋ ಪದ್ಧತಿ ಅವರಲ್ಲೂ ಇತ್ತು, ನಮ್ಮಲ್ಲಿ ಇದ್ದ ಹಾಗೆ. ಹಿರಿಯರು ಒಪ್ಪಿ ಮಾಡಿದ ಸಂಬಂಧ. ಚಿನ್ನ ಸಿಗುವ ಮುಂಚಿನ ವರ್ಷಗಳಲ್ಲಿ ಜಾರ್ಜನ ಹೊಟ್ಟೆ ತುಂಬಿದ್ದು ಅವಳ ಕೈಕೆಲಸದಿಂದ. ಬಲೆ ಹಾಕಿ ಬೇಟೆ ತರೋಳು, ಕಾಡುಹಣ್ಣು ಕೀಳೋಳು, ಪಾದರಕ್ಷೆ, ಕೈಗವಸು ಹೊಲಿದು ಮಾರೋಳು. ಗ್ರೇಫಿ ಅನ್ನೋ ಮಗಳು ಹುಟ್ಟಿದಳು.

ದುಡ್ಡು ಬಂತು. ಕುಟುಂಬ ಸಿಯಾಟಲ್‌ಗೆ ಹೋಯ್ತು. ಕಾಡಿನ ದಾರಿ ಬಲ್ಲವಳಿಗೆ ಹೋಟೆಲಿನ ಮೊಗಸಾಲೆಗಳ ದಾರಿ ತಿಳೀದೆ, ಮರಕ್ಕೆ ಗುರುತು ಹಾಕೋ ಹಾಗೆ ಹೋಟೆಲಿನ ಮರದ ಕಂಬಿಗಳಿಗೆ ಕೊಡಲಿ ಏಟು ಹಾಕಿದಳು ಅನ್ನೋ ಕಥೆ ಹಬ್ಬಿತು. ಪತ್ರಿಕೆಗಳು ಅವಳನ್ನು ತಮಾಷೆಯ ಸರಕು ಮಾಡಿಕೊಂಡವು. ಜಾರ್ಜ್ ಅವಳನ್ನು ಕ್ಯಾಲಿಫೋರ್ನಿಯಾದಲ್ಲಿ ತನ್ನ ಅಕ್ಕನ ಮನೆಯಲ್ಲಿ ಬಿಟ್ಟ. 1900ರಲ್ಲಿ ಡಾಸನ್ನಿನಲ್ಲಿ ಪರಿಚಯವಾದ ಮಾರ್ಗರೀಟ್ ಅನ್ನೋ ಬಿಳಿಯ ಹೆಂಗಸನ್ನು ಮದುವೆಯಾದ.

ಕೇಟ್ ಸುಮ್ಮನಿರಲಿಲ್ಲ. ಕೋರ್ಟಿಗೆ ಹೋದಳು. ಕೋರ್ಟು ಕೇಳಿದ್ದು ಒಂದೇ, ಮದುವೆಯ ಕಾಗದ ಎಲ್ಲಿ? ಟಾಗಿಶ್ ಹಿರಿಯರ ಮಾತಿಗೆ ಸರ್ಟಿಫಿಕೇಟ್ ಇರಲಿಲ್ಲ. ಗಣಿಯ ಪಾಲಿನ ಕಾಗದದಲ್ಲೂ ಅವಳ ಹೆಸರಿರಲಿಲ್ಲ. ಒಂದು ಡಾಲರೂ ದಕ್ಕಲಿಲ್ಲ. ಮಗಳನ್ನು ಕರಕೊಂಡು 1901ರಲ್ಲಿ ಯೂಕಾನ್‌ಗೆ ವಾಪಸಾದಳು. ಕೆಲವು ವರ್ಷದ ಮೇಲೆ ಮಗಳನ್ನೂ ಜಾರ್ಜ್ ಸಿಯಾಟಲ್‌ಗೆ ಕರೆಸಿಕೊಂಡ.

1999ರಲ್ಲಿ ಕೆನಡಾದ ಗಣಿಗಾರಿಕೆಯ ಹಾಲ್ ಆಫ್ ಫೇಮ್ ಕ್ಲಾಂಡೈಕ್ ಚಿನ್ನ ಪತ್ತೆ ಮಾಡಿದವರನ್ನು ಗೌರವಿಸಿತು. ಜಾರ್ಜ್, ಜಿಮ್, ಚಾರ್ಲಿ, ಜೊತೆಗೆ ಆ ಕಡೆ ಹೋಗಿ ನೋಡಿ ಅಂತ ಜಾರ್ಜ್‌ಗೆ ಹೇಳಿದ್ದ ರಾಬರ್ಟ್ ಹೆಂಡರ್ಸನ್. ಹಳ್ಳದ ಹತ್ತಿರ ಇಲ್ಲದೇ ಇದ್ದ ಹೆಂಡರ್ಸನ್‌ಗೂ ಜಾಗ ಸಿಕ್ಕಿತು! ಕೇಟ್ ಹೆಸರು ಸೇರಿದ್ದು 2019ರಲ್ಲಿ, ಇಪ್ಪತ್ತು ವರ್ಷ ತಡವಾಗಿ.

ಅವಳ ಕೊನೆಯ ವರ್ಷಗಳು ಕಳೆದಿದ್ದು ಕಾರ್ಕ್ರಾಸ್ ಅನ್ನೋ ಊರಿನಲ್ಲಿ, ಅಣ್ಣ ಜಿಮ್ ಕಟ್ಟಿಸಿಕೊಟ್ಟ ಗುಡಿಸಲಿನಲ್ಲಿ. ಚಿನ್ನದ ನಾಡಿಗೆ ಅಂತಲೇ ಹಾಕಿದ ರೈಲು ಆ ಊರಿನ ಮೇಲೆ ಹೋಗ್ತಿತ್ತು. ಪ್ರವಾಸಿಗರು ಬರ್ತಿದ್ದರು. ಚಿನ್ನ ಕಂಡ ಕುಟುಂಬದ ಹೆಂಗಸು ಈಕೆಯೇ ಅಂತ ನೋಡಿ, ಫೋಟೋ ತೆಗೆಸಿಕೊಂಡು, ಅವಳು ಹೊಲಿದ ಪಾದರಕ್ಷೆ ಕೊಂಡು ಹೋಗ್ತಿದ್ದರು. 1920ರಲ್ಲಿ ಫ್ಲೂ ಜ್ವರ ಅವಳನ್ನು ತೆಗೆದುಕೊಂಡು ಹೋಗುವವರೆಗೂ ಕೇಟ್ ಬದುಕಿದ್ದು ಸೂಜಿ ದಾರದಿಂದಲೇ.