ಚಿಕಿತ್ಸೆಗೆ ಮಂಗಳೂರಿಗೆ ಹೋಗ್ತಿದ್ದೀರಾ? ಒಂದೆರಡು ತಿಂಗಳಿಗೆ ಬಾಡಿಗೆ ಮನೆ ಹಿಡಿಯೋ ಮುನ್ನ ಇದನ್ನು ಓದಿ

ಮೂಡಿಗೆರೆ: ನಮ್ಮ ತಾಲೂಕಿನಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಅಂತ ಗೊತ್ತಾದ್ರೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗೋದು ಹೊಸದೇನಲ್ಲ. ಒಂದು ದಿನದ ತಪಾಸಣೆಯಾದ್ರೆ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರಬಹುದು. ಆದರೆ ಕ್ಯಾನ್ಸರಿಗೆ ರೇಡಿಯೇಷನ್ ಕೊಡಬೇಕು ಅಂದ್ರೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಐದಾರು ವಾರ ಆಗುತ್ತೆ. ಒಂದು ದಿನಕ್ಕೆ ಬೇಕಾಗೋದು ಕೆಲವೇ ನಿಮಿಷ, ಆದರೂ ದಿನಾ ಅಲ್ಲಿರಲೇಬೇಕು. ಅದಕ್ಕೆ ಆಸ್ಪತ್ರೆಯಲ್ಲಿ ಬೆಡ್ ಕೊಡದೆ, ಹೊರಗಿನಿಂದ ಬಂದು ಹೋಗಿ ಅನ್ನೋದೇ ಹೆಚ್ಚು. ಸುಸ್ತಾದ ರೋಗಿಯನ್ನು ದಿನಾ ಘಾಟಿ ಹತ್ತಿಸಿ ಇಳಿಸೋಕಾಗಲ್ಲ. ಆಯುಷ್ಮಾನ್ ಕಾರ್ಡ್ ಚಿಕಿತ್ಸೆಯ ಖರ್ಚು ನೋಡಿಕೊಂಡರೂ ಜೊತೆಗಿರುವವರ ವಸತಿಗೆ ದುಡ್ಡು ಕೊಡಲ್ಲ. ಈ ಖರ್ಚು ಮನೆಯವರ ತಲೆ ಮೇಲೇ ಬರೋದು.

ಮೊದಲು ಲೆಕ್ಕ ಹಾಕಿ. ಉದಾಹರಣೆಗೆ ದಿನಕ್ಕೆ 1,200 ರೂ. ಲಾಡ್ಜ್ ರೂಮು ಅಂತಿಟ್ಟುಕೊಂಡರೆ 40 ದಿನಕ್ಕೆ 48,000 ರೂ. ಆಯ್ತು. ಅದೇ ತಿಂಗಳಿಗೆ 12,000 ರೂ. ಬಾಡಿಗೆಯ ಮನೆಯಾದ್ರೆ ಎರಡು ತಿಂಗಳಿಗೆ 24,000. ಅರ್ಧಕ್ಕರ್ಧ ಉಳೀತು ಅನಿಸುತ್ತೆ. ಆದರೆ ಬ್ರೋಕರ್ ಒಂದು ತಿಂಗಳ ಬಾಡಿಗೆ ಕಮಿಷನ್ ಕೇಳಿದರೆ 36,000ಕ್ಕೆ ಬಂತು. ಮೇಲೆ ಕರೆಂಟ್, ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್. ಹಾಗಾಗಿ ಹದಿನೈದು ದಿನದ ಕೆಲಸಕ್ಕೆ ಮನೆ ಹುಡುಕೋದು ದಂಡ, ಲಾಡ್ಜಿನವರ ಹತ್ತಿರವೇ ವಾರದ ರೇಟು ಮಾತಾಡೋದು ವಾಸಿ. ತಿಂಗಳು ದಾಟುತ್ತೆ ಅಂದಾಗ ಮಾತ್ರ ಮನೆ ಲಾಭ. ಅಡುಗೆ ಮನೆಯಲ್ಲೇ ಮಾಡಬಹುದು, ರೋಗಿಗೆ ಗಂಜಿ ಬೇಕಾದಾಗ ಹೋಟೆಲ್ ಮುಂದೆ ನಿಲ್ಲೋದು ತಪ್ಪುತ್ತೆ. ಲೆಕ್ಕಕ್ಕೆ ಸಿಗದ ಉಳಿತಾಯ ಅದು.

ಏರಿಯಾ ಆರಿಸುವಾಗ ಎಡವೋರು ತುಂಬಾ ಜನ. ‘ಮಂಗಳೂರಿನ ಆಸ್ಪತ್ರೆ’ ಅಂದರೂ ಎಲ್ಲ ಒಂದೇ ಕಡೆ ಇಲ್ಲ. ಕೆ.ಎಸ್. ಹೆಗ್ಡೆ ಮತ್ತು ಯೆನೆಪೋಯ ಆಸ್ಪತ್ರೆಗಳಿರೋದು ದೇರಳಕಟ್ಟೆಯಲ್ಲಿ, ಅಂದ್ರೆ ನೇತ್ರಾವತಿ ಸೇತುವೆಯ ಆಚೆ. ಕದ್ರಿಯಲ್ಲಿ ಮನೆ ಹಿಡಿದರೆ ದಿನಾ ಪಂಪ್‌ವೆಲ್, ತೊಕ್ಕೊಟ್ಟು ದಾಟಬೇಕು. ಅಲ್ಲಿಗೆ ಹೋಗುವವರು ದೇರಳಕಟ್ಟೆ, ತೊಕ್ಕೊಟ್ಟು ಕಡೆಯೇ ನೋಡಲಿ. ಫಾದರ್ ಮುಲ್ಲರ್ ಆದ್ರೆ ಕಂಕನಾಡಿ, ವೆಲೆನ್ಸಿಯಾ ಸುತ್ತ. ಎ.ಜೆ. ಆಸ್ಪತ್ರೆ ಕುಂಟಿಕಾನದಲ್ಲಿದೆ, ದೇರೆಬೈಲು, ಕಾವೂರು ಕಡೆಯಿಂದ ಬರೋದು ಸುಲಭ. ವೆನ್ಲಾಕ್ ಹಂಪನಕಟ್ಟೆಯಲ್ಲೇ ಇರೋದ್ರಿಂದ ಅತ್ತಾವರ, ಜೆಪ್ಪು, ಪಾಂಡೇಶ್ವರ ಹತ್ತಿರವಾಗುತ್ತೆ. ಅಂದಹಾಗೆ ಸಿಟಿ ಬಸ್ಸಿನಲ್ಲಿ ‘ಸ್ಟೇಟ್ ಬ್ಯಾಂಕ್’ ಅಂತ ಕೂಗಿದರೆ ಬ್ಯಾಂಕಿಗೆ ಕರೀತಿದ್ದಾರೆ ಅಂದುಕೊಳ್ಳಬೇಡಿ, ಅದು ಬಸ್ ಸ್ಟ್ಯಾಂಡಿನ ಹೆಸರು. ಕೆಎಸ್ಸಾರ್ಟಿಸಿ ನಿಲ್ದಾಣ ಮಾತ್ರ ಬಿಜೈನಲ್ಲಿದೆ.

ಮನೆ ಹುಡುಕೋಕೆ ಮೊಬೈಲ್ ಒಂದನ್ನೇ ನಂಬಬಾರದು. ಆಸ್ಪತ್ರೆ ಎದುರಿನ ಮೆಡಿಕಲ್ ಶಾಪು, ಜೆರಾಕ್ಸ್ ಅಂಗಡಿ, ಅಪಾರ್ಟ್‌ಮೆಂಟ್‌ಗಳ ವಾಚ್‌ಮ್ಯಾನ್, ಇವರಿಗೆ ಗೊತ್ತಿರುವಷ್ಟು ಆ್ಯಪ್‌ಗಳಿಗೆ ಗೊತ್ತಿರಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಸೋಷಿಯಲ್ ವರ್ಕರ್ ಇರ್ತಾರೆ, ಅವರನ್ನೂ ಕೇಳಿ. ಕಡಿಮೆ ದರದ ವಸತಿ ಎಲ್ಲಿದೆ ಅಂತ ಹೇಳಬಲ್ಲರು. ಕಾಲೇಜು ಶುರುವಾಗೋ ಸಮಯದಲ್ಲಿ ಕಂಕನಾಡಿ, ದೇರಳಕಟ್ಟೆ ಕಡೆ ವಿದ್ಯಾರ್ಥಿಗಳ ಗಲಾಟೆ ಜಾಸ್ತಿ, ಆಗ ಎರಡು ತಿಂಗಳಿಗೆ ಅಂದರೆ ಓನರ್‌ಗಳು ತಿರುಗಿಯೂ ನೋಡಲ್ಲ.

ಓನರ್‌ಗೆ ರೋಗಿಯ ವಿಷಯ ಮುಚ್ಚಿಡೋದು ಬೇಡ. ‘ಕಾಯಿಲೆಯವರಿದ್ದಾರೆ’ ಅಂದರೆ ಮನೆ ಕೊಡಲ್ಲ ಅನ್ನೋ ಹೆದರಿಕೆಯಿಂದ ಕೆಲವರು ಕೋರ್ಸಿಗೆ ಬಂದಿದ್ದೀವಿ ಅಂತ ಹೇಳಿಬಿಡ್ತಾರೆ. ಆಮೇಲೆ ಗೊತ್ತಾಗಿ, ಚಿಕಿತ್ಸೆ ಮಧ್ಯದಲ್ಲಿ ಮನೆ ಬಿಡಿ ಅಂದರೆ ಪಾಡು ಬೇಡ. ಕ್ಯಾನ್ಸರ್ ಅಂಟುರೋಗ ಅಲ್ಲ ಅನ್ನೋದನ್ನು ನೇರವಾಗಿ ಹೇಳಿ ಕೇಳೋದೇ ಒಳ್ಳೇದು. ಒಪ್ಪದವರ ಮನೆ ಸಿಗದಿದ್ದರೂ ನಷ್ಟವಿಲ್ಲ. ಮೀನು-ಮಾಂಸದ ಅಡುಗೆ, ಊರಿಂದ ನೋಡೋಕೆ ಬರುವ ನೆಂಟರು, ಇವೆರಡನ್ನೂ ಮೊದಲೇ ಮಾತಾಡಿಕೊಳ್ಳಿ.

ಮನೆ ನೋಡುವಾಗ ಟೈಲ್ಸ್ ನೋಡಬೇಡಿ, ಬಾತ್‌ರೂಮ್ ನೋಡಿ. ಕೂತು ಏಳಲಾಗದವರಿಗೆ ವೆಸ್ಟರ್ನ್ ಕಮೋಡ್ ಬೇಕೇ ಬೇಕು. ಕರೆಂಟ್ ಹೋದಾಗ ಲಿಫ್ಟ್ ನಡೆಯುತ್ತಾ ಕೇಳಿ. ಜನರೇಟರ್ ಇಲ್ಲದಿದ್ದರೆ ನಾಲ್ಕನೇ ಮಹಡಿ ಬೇಡ. ಬೇಸಿಗೆಯಾದ್ರೆ ಬಾವಿ ಅಥವಾ ಬೋರ್‌ವೆಲ್ ಇದೆಯಾ ವಿಚಾರಿಸಿ. ನಗರಕ್ಕೆ ನೀರು ಬರೋದು ತುಂಬೆ ಅಣೆಕಟ್ಟಿನಿಂದ, 2019 ಮತ್ತು 2023ರ ಬೇಸಿಗೆಯಲ್ಲಿ ಅಲ್ಲಿ ನೀರು ಇಳಿದು ನಗರಕ್ಕೆ ರೇಷನಿಂಗ್ ಮಾಡಬೇಕಾಗಿ ಬಂದಿತ್ತು. ಮಳೆಗಾಲವಾದ್ರೆ ಗೋಡೆಯ ಪಾಚಿ, ಬೂಷ್ಟಿನ ವಾಸನೆ ನೋಡಿ. ಅಡುಗೆಗೆ ಗ್ಯಾಸ್ ಕನೆಕ್ಷನ್ ಇಲ್ಲಾಂತ ಚಿಂತೆ ಬೇಡ. 5 ಕೆ.ಜಿ.ಯ ಸಣ್ಣ ಸಿಲಿಂಡರನ್ನು ವಿಳಾಸದ ದಾಖಲೆ ಇಲ್ಲದೆ ಗುರುತಿನ ಚೀಟಿ ತೋರಿಸಿ ತಗೋಬಹುದು.

ಇನ್ನು ಕಾಗದ-ಪತ್ರ. ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಎಲ್ಲರೂ 11 ತಿಂಗಳ ಅಗ್ರಿಮೆಂಟ್ ಮಾಡೋದು ಅದಕ್ಕೇ. ಹಾಗಂತ ಎರಡು ತಿಂಗಳು ಇರುವವರು 11 ತಿಂಗಳ ಕಾಗದಕ್ಕೆ ಕಣ್ಣುಮುಚ್ಚಿ ಸಹಿ ಹಾಕಬಾರದು. ‘ಮಧ್ಯದಲ್ಲಿ ಬಿಟ್ಟರೆ ಡೆಪಾಸಿಟ್ ಮುಟ್ಟುಗೋಲು’ ಅನ್ನೋ ಸಾಲು ಇದೆಯಾ ನೋಡಿ. ಇದ್ದರೆ ಹೊಡೆದು ಹಾಕಿಸಿ, ‘15 ದಿನ ಮೊದಲು ತಿಳಿಸಿ ಬಿಡಬಹುದು’ ಅಂತ ಬರೆಸಿ. ಚಿಕಿತ್ಸೆ ಬೇಗ ಮುಗಿಯಬಹುದು, ಬೇರೆ ಊರಿಗೂ ಕಳಿಸಬಹುದು. ಎರಡು ತಿಂಗಳಿಗೆ ಐದಾರು ತಿಂಗಳ ಡೆಪಾಸಿಟ್ ಕೇಳಿದರೆ ಚೌಕಾಸಿ ಮಾಡಿ. ಆಧಾರ್ ಕೊಡುವಾಗ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಯುಐಡಿಎಐ ವೆಬ್‌ಸೈಟಲ್ಲೇ ಸಿಗುತ್ತೆ.

ಮನೆ ನೋಡದೆ ಒಂದು ರೂಪಾಯಿಯೂ ಹಾಕಬಾರದು. ‘ಮಿಲಿಟರಿಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ, ಫೋಟೋ ನೋಡಿ ಟೋಕನ್ ಕಳಿಸಿ’ ಅನ್ನೋದು ಹಳೇ ಮೋಸ. ‘ದುಡ್ಡು ವಾಪಸ್ ಹಾಕ್ತೀನಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಅಂದರೂ ಅಷ್ಟೆ. ದುಡ್ಡು ಬರೋಕೆ ಪಿನ್ ಬೇಕಿಲ್ಲ, ಹೋಗೋಕೆ ಮಾತ್ರ ಬೇಕು. ಹೋಗೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಕೀ ತಗೊಂಡ ದಿನ ಮೆಸ್ಕಾಂ ಮೀಟರಿನ ರೀಡಿಂಗ್, ಗೋಡೆ, ನಲ್ಲಿ, ಫ್ಯಾನು ಎಲ್ಲದರ ಫೋಟೋ ತೆಗೆದು ಓನರ್‌ಗೆ ವಾಟ್ಸಾಪಲ್ಲಿ ಕಳಿಸಿಡಿ. ಬಿಡುವಾಗ ಪೇಂಟಿಂಗ್ ಚಾರ್ಜ್ ಅಂತ ಎಷ್ಟು ಹಿಡಿಯುತ್ತಾರೆ ಅನ್ನೋದನ್ನು ಅವತ್ತೇ ಕೇಳಿ, ಅಗ್ರಿಮೆಂಟಿನಲ್ಲಿ ಬರೆಸಿ. ಡೆಪಾಸಿಟ್ ನಗದಾಗಿ ಕೊಟ್ಟರೆ ರಸೀದಿ ತಗೊಳ್ಳಿ. ಕೀ ವಾಪಸ್ ಕೊಡೋದು, ಡೆಪಾಸಿಟ್ ತಗೊಳ್ಳೋದು ಎರಡೂ ಒಂದೇ ದಿನ ಆಗೋ ಹಾಗೆ ಮಾತಾಡಿಕೊಳ್ಳಿ. ಬಾಕಿ ದುಡ್ಡಿಗೆ ಅಂತ ಮತ್ತೆ ಘಾಟಿ ಇಳಿದರೆ ಅರ್ಧ ಬಸ್ ಚಾರ್ಜಿಗೇ ಹೋಗುತ್ತೆ.